ಚಂದ್ರಕಲಾ ಮೇಲಿನ ಹುದ್ದೆಗೆ ಹೋದದ್ದು

ಚಂದ್ರಕಲಾ ಬಿಜ್ಜರಗಿಯವಳು. ಅವಳ ಅಪ್ಪನಿಗೆ ಒಂದಷ್ಟು ಕುರಿಗಳಿದ್ದವು, ಮಳೆ ನಂಬಿದ ಸ್ವಲ್ಪ ಹೊಲವಿತ್ತು. ಮಗಳು ತಿಕೋಟಾದಲ್ಲಿ ಪಿಯುಸಿ ಮುಗಿಸಿ, ವಿಜಯಪುರಕ್ಕೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತು, ಗಾಂಧಿ ಚೌಕದ ಹತ್ತಿರದ ಒಂದು ಕಚೇರಿಯಲ್ಲಿ ಫೋನು ಎತ್ತುವ ಕೆಲಸಕ್ಕೆ ಸೇರಿದಾಗ ಅವನು ಊರಲ್ಲಿ ಯಾರಿಗೂ ಹೇಳಲಿಲ್ಲ. ಫೋನು ಎತ್ತುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದು ಅವನಿಗೆ ನಂಬಿಕೆಯಾಗಿರಲಿಲ್ಲ. ಮೊದಲ ತಿಂಗಳು ಕಳೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದ.

ಕಚೇರಿ ಸಿರಿಹನಿ ಎಂಬ ಕಂಪನಿಯದು. ಹೊಲ, ತೋಟಗಳಿಗೆ ಹನಿ ನೀರಾವರಿಯ ಪೈಪು ಹಾಕಿಕೊಡುವುದು, ಕೆಟ್ಟರೆ ಹೋಗಿ ದುರಸ್ತಿ ಮಾಡುವುದು ಅದರ ಕೆಲಸ. ಕೆಳಗೆ ಬಟ್ಟೆ ಅಂಗಡಿ, ಪಕ್ಕದಲ್ಲಿ ಪಾತ್ರೆ ಅಂಗಡಿ, ಎರಡರ ನಡುವೆ ಕಡಿದಾದ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲೇ ಚಂದ್ರಕಲಾಳ ಮೇಜು. ಓಣಿಯ ಆಟೋ ಹಾರ್ನುಗಳ ನಡುವೆ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಇನ್ನೊಂದು ಕಿವಿಯಿಂದ ರೈತರ ಮಾತು ಕೇಳಬೇಕಾಗುತ್ತಿತ್ತು. ದ್ರಾಕ್ಷಿಗೆ ನೀರು ಹೋಗುತ್ತಿಲ್ಲ, ಪೈಪನ್ನು ಇಲಿ ಕಡಿದಿದೆ, ಬರುತ್ತೇನೆಂದ ಫಿಟ್ಟರ್ ಬಂದಿಲ್ಲ. ಸಮಾಧಾನದಿಂದ ಮಾತಾಡುವವರು ಕಡಿಮೆ. ಸೇರಿದ ವಾರದಲ್ಲೇ ಯಾರೋ ಬಾಯಿಗೆ ಬಂದಂತೆ ಬೈದರು. ಅವಳು ಫೋನಿಟ್ಟು ಅತ್ತುಬಿಟ್ಟಳು.

ಕಚೇರಿಯ ಮೇಲ್ವಿಚಾರಕರಾಗಿದ್ದ ಕಾಸಿಮಸಾಬರು ಅದನ್ನು ಒಳಗಿನಿಂದಲೇ ನೋಡಿದರು. ಗಾಡಿಗಳ ಓಡಾಟ, ಕಟ್ಟಡದ ಬಾಡಿಗೆ, ಕುಡಿಯುವ ನೀರು, ಸಿಬ್ಬಂದಿಯ ರಜೆ, ಯಾರಿಗೂ ಬೇಡವಾದ ಕೆಲಸಗಳೆಲ್ಲ ಅವರ ಪಾಲಿನವು. ಒಂದು ಲೋಟ ಚಹಾ ತಂದು ಅವಳ ಮುಂದಿಟ್ಟು, ಎದುರಿನ ಬೆಂಚಿನ ಮೇಲೆ ಕುಳಿತು ಹೇಳಿದರು:

"ಅಂವ ನಿನಗ ಬೈದಿಲ್ಲ ತಂಗಿ. ಬೆಳಿ ಒಣಗಾಕತ್ತೈತಿ, ಅದಕ್ಕ ಬೈಯಾಕತ್ತಾನ. ಪೂರಾ ಬೈದು ಮುಗಿಸ್ಲಿ ಬಿಡು. ಆಮ್ಯಾಲ ಊರು ಯಾವುದ್ರಿ ಅಂತ ಕೇಳು."

ಅವಳು ಹಾಗೇ ಮಾಡಿದಳು. ಕೆಲವು ತಿಂಗಳಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ರೈತರು ಫೋನು ಮಾಡಿದರೆ ಆ ಹುಡುಗಿ ಇದ್ದಾಳೇನು ಎಂದೇ ಕೇಳುವಂತಾಯಿತು.

ರಿಪೇರಿಗೆ ಹೋಗುವ ಗಾಡಿಗಳಲ್ಲಿ ಒಂದನ್ನು ಓಡಿಸುತ್ತಿದ್ದವನು ಅಮೋಘಿ. ಕಾಖಂಡಕಿಯವನು, ಮಾತು ಕಡಿಮೆ. ಬೆಳಗಾಗುತ್ತಲೇ ಫಿಟ್ಟರನ್ನು ಕೂರಿಸಿಕೊಂಡು ಹೊರಟರೆ ಸಂಜೆಯವರೆಗೆ ಹೊಲದಿಂದ ಹೊಲಕ್ಕೆ. ಇಂಥ ಊರಿಗೆ ಹೋಗಿ, ಇಂಥವರ ತೋಟ, ಬಾವಿಯ ಪಕ್ಕದ ದಾರಿ ಎಂದು ಅವನಿಗೆ ಫೋನಿನಲ್ಲಿ ತಿಳಿಸುವವಳು ಚಂದ್ರಕಲಾ. ಮಧ್ಯಾಹ್ನದ ಮೇಲೆ ಯಾವುದಾದರೂ ಹೊಸ ದೂರು ಬಂದರೆ ಅವಳು ಮೊದಲು ಊಟ ಆಯಿತೇ ಎಂದು ಕೇಳಿ, ಆಗಿಲ್ಲವೆಂದರೆ ರೈತನಿಗೇ ಫೋನು ಮಾಡಿ ಸ್ವಲ್ಪ ತಡವಾಗುತ್ತದೆ ಎಂದು ಹೇಳಿಬಿಡುತ್ತಿದ್ದಳು. ಬೇರೆ ಚಾಲಕರಿಗೂ ಅವಳು ಹಾಗೇ ಕೇಳುತ್ತಿದ್ದಳು. ಅದು ಅಮೋಘಿಗೆ ಬಹಳ ದಿನ ಗೊತ್ತಿರಲಿಲ್ಲ. ಗೊತ್ತಾದಾಗ ಸ್ವಲ್ಪ ಬೇಜಾರಾಯಿತಂತೆ. ಈ ಬೇಜಾರನ್ನು ಅವನು ಕಾಸಿಮಸಾಬರ ಮುಂದೆ ಹೇಳಿಕೊಂಡ. ಅವರು ಎರಡೂ ಮನೆಗಳಿಗೆ ಹೋಗಿ ಮಾತಾಡಿದರು.

ಹುಡುಗಿಯನ್ನು ನೋಡಲು ಅಮೋಘಿಯ ತಾಯಿ ಮಲಕವ್ವ ಬಿಜ್ಜರಗಿಗೆ ಹೋಗುವ ಬದಲು ಒಂದು ದಿನ ನೇರವಾಗಿ ಕಚೇರಿಗೇ ಬಂದಳು. ಬಂದವಳು ತಾನು ಯಾರೆಂದು ಹೇಳಲಿಲ್ಲ. ದೂರು ಕೊಡಲು ಬಂದವರು ಕೂರುವ ಬೆಂಚಿನ ಮೇಲೆ ಸೆರಗು ಹೊದ್ದು ಕೂತು ನೋಡುತ್ತಿದ್ದಳು. ಚಂದ್ರಕಲಾ ಅವಳಿಗೆ ನೀರು ಕೊಟ್ಟಳು, ಏನು ಕೆಟ್ಟಿದೆ ಎಂದು ಕೇಳಿದಳು, ಮುದುಕಿ ತಲೆಯಾಡಿಸಿದಳು. ಮತ್ತೊಮ್ಮೆ ಕೇಳಿದಳು, ಚಹಾ ತರಿಸಿದಳು. ಊಟದ ಹೊತ್ತಾದಾಗ ತನ್ನ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಅವಳ ಕೈಗಿಟ್ಟಳು. ಆಗ ಮಲಕವ್ವ ಬಾಯಿ ಬಿಟ್ಟಳು.

"ನಮ್ಮದೇನೂ ಕೆಟ್ಟಿಲ್ಲವ್ವಾ. ಅಮೋಘಿ ನನ್ನ ಮಗ."

ಮದುವೆಯಾಗಿ ಇಬ್ಬರೂ ಆಶ್ರಮ ರಸ್ತೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದರು. ಒಬ್ಬ ಮಗಳು ಹುಟ್ಟಿದಳು. ಮಗಳು ನಡೆಯಲು ಕಲಿತ ಮೇಲೆ ಚಂದ್ರಕಲಾ ಹೊರಗಿನಿಂದಲೇ ಪರೀಕ್ಷೆ ಕಟ್ಟಿ ಬಿಕಾಂ ಮಾಡಿದಳು. ಪರೀಕ್ಷೆಯ ದಿನಗಳಲ್ಲಿ ಅಮೋಘಿ ರಜೆ ಹಾಕಿ ಮಗುವನ್ನು ನೋಡಿಕೊಂಡ. ರೊಟ್ಟಿ ಬಡಿಯಲು ಬಾರದೆ ಖಾನಾವಳಿಯಿಂದ ತಂದರೂ ಪಲ್ಯವನ್ನು ತಾನೇ ಮಾಡಿದ. ಫಲಿತಾಂಶ ಬಂದ ದಿನ ಗಾಡಿಯನ್ನು ಯಾವುದೋ ತೋಟದ ಬದಿಗೆ ನಿಲ್ಲಿಸಿ ರೈತನಿಗೆ, ನನ್ನ ಹೆಂಡತಿ ಡಿಗ್ರಿ ಪಾಸಾದಳು ಎಂದು ಹೇಳಿದನೆಂದು, ಆ ರೈತನೇ ಫೋನು ಮಾಡಿ ಚಂದ್ರಕಲಾಳಿಗೆ ತಿಳಿಸಿದ.

ಅಷ್ಟು ಹೊತ್ತಿಗೆ ಅವಳ ಕೆಲಸ ಫೋನಿಗಷ್ಟೇ ಉಳಿದಿರಲಿಲ್ಲ. ಯಾವ ಗಾಡಿ ಎಲ್ಲಿಗೆ, ಯಾರಿಗೆ ಯಾವಾಗ ರಜೆ, ಹೊಸದಾಗಿ ಸೇರಿದವರಿಗೆ ಏನೇನು ಬೇಕು, ಇವೆಲ್ಲವನ್ನೂ ಕಾಸಿಮಸಾಬರು ಒಂದೊಂದಾಗಿ ಅವಳ ಕಡೆ ಸರಿಸುತ್ತ ಬಂದಿದ್ದರು. ಅವಳಿಗೆ ಅದು ಇಷ್ಟವಾಗುತ್ತಿತ್ತು. ಮೇಲಕ್ಕೆ ಹೋಗಬೇಕೆಂಬ ಆಸೆ ಅವಳಲ್ಲಿತ್ತು. ಅದನ್ನು ಅವಳು ಗಂಡನ ಮುಂದೆ ಬಿಟ್ಟು ಬೇರೆ ಯಾರ ಮುಂದೂ ಆಡಿರಲಿಲ್ಲ.

ಎರಡು ವರ್ಷದ ಹಿಂದೆ ಪುಣೆಯ ಒಂದು ದೊಡ್ಡ ಕಂಪನಿ ಸಿರಿಹನಿಯನ್ನು ಕೊಂಡುಕೊಂಡಿತು. ಗಾಂಧಿ ಚೌಕದ ಕಚೇರಿ ಖಾಲಿಯಾಗಿ ಅಥಣಿ ರಸ್ತೆಯ ಹೊಸ ಕಟ್ಟಡಕ್ಕೆ ಬಂತು. ಗಾಜಿನ ಬಾಗಿಲು, ಎಲ್ಲರ ಕೊರಳಿಗೂ ಗುರುತಿನ ಚೀಟಿ. ಹುದ್ದೆಗಳ ಹೆಸರೂ ಬದಲಾದವು. ಫೋನು, ಗಾಡಿ, ರಜೆ, ಕಟ್ಟಡ, ಊಟದ ಕೋಣೆ ಎಲ್ಲವನ್ನೂ ಸೇರಿಸಿ ಸಪೋರ್ಟ್ ವಿಭಾಗ ಎಂದು ಮಾಡಿದರು. ಇದನ್ನೆಲ್ಲ ಹೊಂದಿಸಲು ಧಾರವಾಡದ ಶಾಂಭವಿ ಎಂಬ ಅಧಿಕಾರಿ ಬಂದರು. ಮಿತಭಾಷಿ ಹೆಂಗಸು. ಪ್ರತಿಯೊಬ್ಬರನ್ನೂ ಕರೆದು ಕೂರಿಸಿಕೊಂಡು, ನಿಮ್ಮ ದಿನ ಹೇಗೆ ಶುರುವಾಗುತ್ತದೆ ಎಂದು ಕೇಳುತ್ತಿದ್ದರು.

ಕಾಸಿಮಸಾಬರ ನಿವೃತ್ತಿ ಹತ್ತಿರವಿತ್ತು. ಸಪೋರ್ಟ್ ವಿಭಾಗಕ್ಕೆ ಮುಖ್ಯಸ್ಥರು ಬೇಕಿದ್ದರು. ಹೊರಗಿನಿಂದ ಯಾರನ್ನೋ ತರುವ ಬದಲು ಚಂದ್ರಕಲಾಳನ್ನು ನೋಡಿ ಎಂದು ಕಾಸಿಮಸಾಬರು ಶಾಂಭವಿಯವರಿಗೆ ಹೇಳಿದರು. ಶಾಂಭವಿ ನೋಡಿದರು, ಒಪ್ಪಿದರು. ತೊಡಕು ಒಂದೇ. ಗಾಡಿ ಚಾಲಕರೆಲ್ಲ ಆ ಹುದ್ದೆಯ ಕೈಕೆಳಗೆ ಬರುತ್ತಿದ್ದರು. ಹೊಸ ಕಂಪನಿಯಲ್ಲಿ ಗಂಡ ಹೆಂಡತಿಯ ಕೈಕೆಳಗೆ, ಹೆಂಡತಿ ಗಂಡನ ಕೈಕೆಳಗೆ ಇರುವಂತಿರಲಿಲ್ಲ. ಅದನ್ನು ಹೇಗಾದರೂ ಬಗೆಹರಿಸೋಣ, ಮೊದಲು ನೀವು ಯೋಚಿಸಿ ಎಂದು ಶಾಂಭವಿ ಚಂದ್ರಕಲಾಳಿಗೆ ಹೇಳಿದರು.

ಚಂದ್ರಕಲಾ ಮನೆಗೆ ಬಂದು ಹೇಳಿದಾಗ ಅಮೋಘಿ ಬೈಕ್ ಒರೆಸುತ್ತಿದ್ದ. ಅರಿವೆಯನ್ನು ಹ್ಯಾಂಡಲಿಗೆ ಹಾಕಿದ.

"ನೀ ಹೂಂ ಅನ್ನು," ಎಂದ. "ನನ್ನ ಗಾಡಿ ಯಾರ ಕೈಯಾಗಿದ್ರೂ ಗಾಡಿನ. ಅದಕ್ಕ ನೀ ಹಿಂದ ಸರಿಬ್ಯಾಡ."

ಅವಳು ಹೂಂ ಅಂದಳು. ಮರುವಾರವೇ ಶಾಂಭವಿ ಅವಳನ್ನೂ ಕಾಸಿಮಸಾಬರನ್ನೂ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಪುಣೆಯವರು ಎಲ್ಲ ಊರುಗಳಲ್ಲೂ ಗಾಡಿಗಳನ್ನು ಗುತ್ತಿಗೆದಾರನಿಗೆ ಕೊಡಲು ತೀರ್ಮಾನಿಸಿದ್ದಾರೆ, ವಿಜಯಪುರದಲ್ಲೂ ಅಷ್ಟೇ, ಈಗಿರುವ ಚಾಲಕರು ಬೇಕಾದರೆ ಗುತ್ತಿಗೆದಾರನ ಬಳಿ ಕೆಲಸಕ್ಕೆ ಸೇರಬಹುದು, ಬೇಡವಾದರೆ ಬಿಡಬಹುದು ಎಂದರು. ಇದನ್ನು ಚಾಲಕರಿಗೆ ತಿಳಿಸುವವರೆಗೂ ಮಾತು ಈ ಕೋಣೆಯಲ್ಲೇ ಇರಬೇಕು ಎಂದೂ ಸೇರಿಸಿದರು. ಹೇಳುವಾಗ ಅವರು ಚಂದ್ರಕಲಾಳ ಮುಖವನ್ನು ನೋಡುತ್ತಿದ್ದರು. ಇದೇ ಕಷ್ಟ ನಿಮ್ಮ ಹುದ್ದೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ಈಗಲೂ ಬೇಡ ಅನ್ನಿಸಿದರೆ ಹೇಳಬಹುದು ಎಂದರು.

ಚಂದ್ರಕಲಾ ಬೇಡ ಅನ್ನಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದಳು. ಬಬಲೇಶ್ವರದಲ್ಲಿ ಹೊಸ ಸರ್ವಿಸ್ ಕೇಂದ್ರ ತೆರೆಯುತ್ತಿದ್ದಾರೆ, ಅಲ್ಲಿಗೆ ಫಿಟ್ಟರುಗಳು ಬೇಕು. ಚಾಲಕರು ಇಷ್ಟು ವರ್ಷ ಫಿಟ್ಟರುಗಳ ಜೊತೆಗೇ ತಿರುಗಿದವರು, ಬಯಸಿದವರಿಗೆ ಕೆಲಸ ಕಲಿಸಿ ಅಲ್ಲಿಗೆ ತೆಗೆದುಕೊಳ್ಳಬಹುದಲ್ಲ? ಶಾಂಭವಿ ಪುಣೆಗೆ ಕೇಳಿದರು. ಆಗುವುದಿಲ್ಲ ಎಂಬ ಉತ್ತರ ಬಂತು. ಚಂದ್ರಕಲಾ ಮತ್ತೆ ಕೇಳಿಸಿದಳು. ಈ ಸಲ ನೋಡೋಣ ಎಂದರು. ಆ ನೋಡೋಣ ಅನ್ನುವುದರಲ್ಲೇ ದಿನಗಳು ಹೋಗತೊಡಗಿದವು.

ಆ ದಿನಗಳು ಅವಳಿಗೆ ಬಲು ಭಾರವಾದವು. ಬೆಳಗ್ಗೆ ಇಬ್ಬರೂ ಒಂದೇ ಬೈಕಿನಲ್ಲಿ ಕಚೇರಿಗೆ ಹೋಗುತ್ತಿದ್ದರು. ಗಂಡನ ಹೆಗಲ ಮೇಲೆ ಕೈಯಿಟ್ಟು ಕೂತವಳಿಗೆ ಅವನ ಬೆನ್ನು ಕಂಡರೇ ಸಂಕಟವಾಗುತ್ತಿತ್ತು. ಊಟಕ್ಕೆ ಕೂತಾಗ ಅವನು ಗಾಡಿಯ ಸಂಗತಿ ಹೇಳುತ್ತಿದ್ದ. ಹಿಂದಿನ ಟಾಯರುಗಳು ಸವೆದಿವೆ, ಮಳೆಗಾಲದೊಳಗೆ ಹೊಸವು ಬೇಕು, ಹೊಸ ಕಂಪನಿಯವರಿಗೆ ಕೇಳುತ್ತೇನೆ ಎಂದ. ಅವಳು ಹೂಂ ಅಂದು ರೊಟ್ಟಿ ಬಡಿಸಿದಳು. ಮಗಳ ಕಂಪಾಸ್ ಪೆಟ್ಟಿಗೆ ಕಾಣುತ್ತಿಲ್ಲವೆಂಬ ನೆಪ ಮಾಡಿ ಎದ್ದು ಒಳಗೆ ಹೋದಳು.

ಗುತ್ತಿಗೆ ಶುರುವಾಗುವ ದಿನ ಹತ್ತಿರ ಬಂತು. ಪುಣೆಯಿಂದ ಇನ್ನೂ ಉತ್ತರವಿಲ್ಲ. ಇನ್ನು ತಡೆಯಲಾಗದು ಎಂದು ಶಾಂಭವಿ ಚಾಲಕರೆಲ್ಲರನ್ನೂ ಊಟದ ಕೋಣೆಗೆ ಕರೆದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಲ್ಲರಿಗಿಂತ ಹಳೆಯ ಚಾಲಕ ಅಯೂಬ ಎದ್ದು, ಇದು ಯಾವಾಗ ತೀರ್ಮಾನವಾದದ್ದು ಎಂದು ಕೇಳಿದ. ಹೋದ ತಿಂಗಳು ಎಂದು ಶಾಂಭವಿ ಮರೆಮಾಚದೆ ಉತ್ತರಿಸಿದರು. ಅಮೋಘಿ ತಲೆಯೆತ್ತಿ ಗೋಡೆಯ ಬದಿಗೆ ನೋಡಿದ. ಅಲ್ಲಿ ಕಾಸಿಮಸಾಬರ ಪಕ್ಕದಲ್ಲಿ ಚಂದ್ರಕಲಾ ನಿಂತಿದ್ದಳು. ಅವಳು ನೆಲ ನೋಡಿದಳು. ಅವನಿಗೆ ಅಷ್ಟೇ ಸಾಕಾಯಿತು.

ಆ ಸಂಜೆ ಅವಳು ಆಟೋದಲ್ಲಿ ಮನೆಗೆ ಬಂದಳು. ಅಮೋಘಿ ಅಂಗಳದ ಕಟ್ಟೆಯ ಮೇಲೆ ಕೂತಿದ್ದ.

"ನಿನಗ ಗೊತ್ತಿತ್ತು," ಎಂದ.

"ಹೌದ್ರಿ."

"ದಿನಾ ನನ್ನ ಮುಂದ ಕುಂತು ಉಣ್ಣಾಕ ನೀಡಿದಿ. ಟಾಯರ್ ಕೇಳ್ತೀನಿ ಅಂದ್ರ ಹೂಂ ಅಂದಿ. ನನಗ ಯಾಕ ಹೂಂ ಅಂದಿ ಚಂದ್ರಾ?"

ಹೇಳಿದ್ದರೆ ಅಯೂಬಣ್ಣನಿಗೆ ಹೇಳದೆ ಇರುತ್ತಿದ್ದಿರೇನು ಎಂದು ಅವಳು ಕೇಳಿದಳು. ಇರುತ್ತಿರಲಿಲ್ಲ ಎಂದು ಅವನು ಒಪ್ಪಿಕೊಂಡ. ಅವಳದು ತಪ್ಪೆಂದೂ ಅನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ. ಮರುದಿನ ರಜೆ ಹಾಕಿ ಕಾಖಂಡಕಿಗೆ ತಾಯಿಯ ಬಳಿ ಹೋದ. ಹೋಗುವಾಗ ಮಗಳನ್ನು ಶಾಲೆಗೆ ಬಿಟ್ಟು, ಬೈಕಿನ ಕೀಲಿಯನ್ನು ಟಿವಿಯ ಮೇಲಿಟ್ಟು, ತಾನು ಬಸ್ಸಿಗೆ ಹೋದ. ಚಂದ್ರಕಲಾಳಿಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ಆದರೂ ಅವನು ಕೀಲಿ ಬಿಟ್ಟು ಹೋದದ್ದು ಅವಳಿಗೆ ಒಂದು ಧೈರ್ಯವಾಗಿ ಕಂಡಿತು.

ಮಲಕವ್ವ ಮಗನನ್ನು ಏನೂ ಕೇಳಲಿಲ್ಲ. ಕೊಟ್ಟಿಗೆಯ ಗೋಡೆ ಬಿದ್ದಿತ್ತು, ಕಟ್ಟಿಕೊಡು ಎಂದಳು. ಅವನು ಮಣ್ಣು ಕಲಸಿ ಗೋಡೆ ಕಟ್ಟಿದ. ಹೆಂಡತಿಯ ಫೋನು ಬಂದರೆ ಎತ್ತಿ, ಮಗಳು ಹೇಗಿದ್ದಾಳೆ ಎಂದು ಕೇಳಿ ಇಟ್ಟುಬಿಡುತ್ತಿದ್ದ.

ಅವನು ಹೋದ ಆ ವಾರದಲ್ಲೇ ಪುಣೆಯ ಉತ್ತರ ಬಂತು. ಕಲಿಯಲು ಮನಸ್ಸಿದ್ದ ಚಾಲಕರಿಗೆ ಬಬಲೇಶ್ವರದ ಕೇಂದ್ರದಲ್ಲಿ ತರಬೇತಿ ಕೊಡುವುದು, ಕೊನೆಯಲ್ಲಿ ಪರೀಕ್ಷೆ, ಪಾಸಾದವರು ಕಂಪನಿಯ ಫಿಟ್ಟರುಗಳು. ಗಂಡನ ವಿಷಯ ತಾನು ಮುಟ್ಟಬಾರದೆಂದು ಚಂದ್ರಕಲಾ ಆ ಕೆಲಸದಿಂದ ದೂರ ನಿಂತಳು. ಪ್ರತಿಯೊಬ್ಬ ಚಾಲಕನಿಗೂ ಮುಖತಃ ತಿಳಿಸುವ ಹೊಣೆಯನ್ನು ಶಾಂಭವಿ ಕಾಸಿಮಸಾಬರಿಗೆ ವಹಿಸಿದರು. ಅವರ ನೌಕರಿಯ ಕೊನೆಯ ಕೆಲಸ ಅದು. ಊರಲ್ಲಿದ್ದವರಿಗೆಲ್ಲ ಹೇಳಿ ಮುಗಿಸಿ, ಬಬಲೇಶ್ವರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಕಾದು, ಮಧ್ಯಾಹ್ನ ಕಾಖಂಡಕಿಗೆ ಬಂದರು.

ಮಲಕವ್ವ ಮಜ್ಜಿಗೆ ಕೊಟ್ಟಳು. ಅಮೋಘಿ ಮಣ್ಣಿನ ಕೈ ತೊಳೆದುಕೊಂಡು ಬಂದು ದೂರ ಕೂತ. ಕಾಸಿಮಸಾಬರು ತರಬೇತಿಯ ವಿಷಯ ಹೇಳಿದರು. ಅದು ಹೇಗೆ ಬಂತು, ಮೊದಲು ಇಲ್ಲವೆಂದದ್ದು, ಚಂದ್ರಕಲಾ ಮತ್ತೆ ಕೇಳಿಸಿದ್ದು, ಎಲ್ಲವನ್ನೂ ಹೇಳಿದರು. ಕಾಸಿಮಸಾಬರು ಲೋಟ ಕೆಳಗಿಟ್ಟರು.

"ಆ ಖೋಲ್ಯಾಗ ನಾನೂ ಕುಂತಿದ್ನಿ ತಮ್ಮಾ. ನಾನೂ ನಿನಗ ಹೇಳ್ಲಿಲ್ಲ. ನನ್ನ ಮ್ಯಾಲ ಯಾಕ ಸಿಟ್ಟಿಲ್ಲ ನಿನಗ?"

"ಚಾಚಾ, ನೀವು ನನಗ ಬುತ್ತಿ ಕಟ್ಟಂಗಿಲ್ರಿ. ಅಕಿ ಕಟ್ತಾಳ."

ಮುದುಕರು ಹೌದು ಎಂಬಂತೆ ತಲೆಯಾಡಿಸಿದರು. ಉತ್ತರ ಕೊಟ್ಟವಳು ಮಲಕವ್ವ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು.

"ಅಕಿ ನಿನಗೊಬ್ಬಗ ಅಂತ ಕೇಳಿದ್ರ ನಾನೂ ಸಿಟ್ಟಾಗ್ತಿದ್ನಿ. ಎಲ್ಲಾರ ಸಲುವಾಗಿ ಕೇಳ್ಯಾಳ. ನಿನಗ ಹೇಳಿದ್ರ ಹಂಗ ಕೇಳಾಕ ಬಾಯಿ ಇರತಿತ್ತೇನು ಅಕಿಗಿ?"

ಇಷ್ಟು ಹೇಳಿ ಅವಳು ಸುಲಿದ ಶೇಂಗಾವನ್ನು ಕಾಸಿಮಸಾಬರ ಚೀಲಕ್ಕೆ ಸುರಿದಳು. ಅವರು ಬಸ್ಸಿಗೆ ಹೊರಟರು. ಅಮೋಘಿ ನಿಲ್ದಾಣದವರೆಗೂ ಹೋಗಿ ಅವರನ್ನು ಹತ್ತಿಸಿ ಬಂದ. ಮರುದಿನ ಉಳಿದ ಗೋಡೆಯನ್ನು ಮುಗಿಸಿ, ತಾಯಿಯನ್ನು ಕರೆದುಕೊಂಡು ವಿಜಯಪುರಕ್ಕೆ ಬಂದ. ಮಲಕವ್ವ ಮೊಮ್ಮಗಳನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡಳು. ಹುಡುಗಿ ಅಷ್ಟು ದೊಡ್ಡವಳಾಗಿದ್ದಳು. ಅಜ್ಜಿ ಮೊಮ್ಮಗಳು ಕೂಡಿ ಕಿರಾಣಿ ಅಂಗಡಿಗೆ ಹೋದರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

ಚಂದ್ರಕಲಾ ಒಲೆ ಆರಿಸಿ ಹೊರಗೆ ಬಂದು ಅವನ ಎದುರು ಕೂತಳು. ತಾನು ಹೇಳಬೇಕಾದ್ದನ್ನು ಅವಳು ಆ ವಾರವೆಲ್ಲ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದಳು. ಈಗ ಒಂದೇ ಮಾತು ಬಂತು.

"ಇನ್ನ ಮುಂದನೂ ಅಂಥಾ ಖೋಲ್ಯಾಗ ನಾ ಕುಂದ್ರಬೇಕಾಗ್ತೈತಿ. ಆಗೂ ನಿಮಗ ಹೇಳಂಗಿಲ್ರಿ. ಈಗ ಹೇಳಿಬಿಡ್ತೀನಿ."

"ಹೇಳಬ್ಯಾಡ," ಎಂದ. "ಖರೆ, ನಾ ಟಾಯರ್ ಕೇಳ್ತೀನಿ ಅಂದಾಗ ಹೂಂ ಅನ್ನಬ್ಯಾಡ. ಸುಮ್ಮಕಿರು. ನಾ ತಿಳ್ಕೋತೀನಿ."

ಅವಳಿಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡಳು. ಅಮೋಘಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಇಷ್ಟು ವರ್ಷ ಸ್ಟೇರಿಂಗ್ ಹಿಡಿದ ಕೈ, ಈಗ ಹುಡುಗರ ಜೊತೆ ಕೂತು ಕಲಿಯುವುದೆಂದರೆ ಹೆದರಿಕೆಯಾಗುತ್ತದೆ ಎಂದು ಹೇಳಿದ. ಬಿಕಾಂ ಪರೀಕ್ಷೆಗೆ ಹೋದಾಗ ತನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹುಡುಗಿಯರು ತನ್ನನ್ನು ಮೇಡಂ ಎಂದುಕೊಂಡು ಎದ್ದು ನಿಂತಿದ್ದರೆಂದು ಅವಳು ಹೇಳಿದಳು. ಅದನ್ನು ಅವನಿಗೆ ಅವಳು ಮೊದಲು ಹೇಳಿರಲಿಲ್ಲ. ಅವನು ನಕ್ಕ.

ತರಬೇತಿ ಬಬಲೇಶ್ವರದಲ್ಲಿ ನಡೆಯಿತು. ಅಮೋಘಿಗೆ ಕೈಕೆಲಸ ಬೇಗ ಹತ್ತಿತು, ಬರವಣಿಗೆ ಕಷ್ಟವಾಯಿತು. ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದ. ಅವನ ಜೊತೆ ಇನ್ನೊಬ್ಬನೂ ನಪಾಸಾಗಿದ್ದ. ಇಬ್ಬರೂ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ ತಿಂದು ಮನೆಗೆ ಬಂದರು. ಆ ವಿಷಯದಲ್ಲೂ ಚಂದ್ರಕಲಾ ಕೈ ಹಾಕಲಿಲ್ಲ, ಹಾಕುವಂತೆಯೂ ಇರಲಿಲ್ಲ. ಎರಡನೆಯ ಸಲ ಅವನು ಪಾಸಾದ. ಅವನ ಮೇಲಧಿಕಾರಿ ಬಬಲೇಶ್ವರದ ಕೇಂದ್ರದವರು, ಹಾಗಾಗಿ ಕಂಪನಿಯ ನಿಯಮಕ್ಕೂ ತೊಡಕು ಉಳಿಯಲಿಲ್ಲ.

ಎಲ್ಲವೂ ಹೀಗೆ ಸರಿಹೋಯಿತು ಎನ್ನಲಾಗದು. ಅಯೂಬ ತರಬೇತಿಗೆ ಬರಲಿಲ್ಲ, ಗುತ್ತಿಗೆದಾರನ ಬಳಿಯೂ ಹೋಗಲಿಲ್ಲ. ಈಗ ಒಂದು ಶಾಲೆಯ ಬಸ್ಸು ಓಡಿಸುತ್ತಾನೆ. ಅಮೋಘಿ ಸಿಕ್ಕರೆ ನಿಂತು ಮಾತಾಡಿಸುತ್ತಾನೆ, ಚಂದ್ರಕಲಾ ಎದುರಾದರೆ ಬಸ್ಸಿನ ಕನ್ನಡಿ ಒರೆಸುತ್ತಾನೆ. ಅವಳು ಪ್ರತಿ ಸಲವೂ ಅಯೂಬಣ್ಣ ಎಂದು ಮಾತಾಡಿಸುತ್ತಾಳೆ. ಅವನ ಸಿಟ್ಟಿಗೆ ಕಾರಣವಿದೆ ಎಂದು ಅವಳಿಗೆ ಗೊತ್ತು. ಇವತ್ತಲ್ಲ ನಾಳೆ ಮಾತಾಡುತ್ತಾನೆ ಎಂದು ಅಮೋಘಿ ಹೇಳುತ್ತಾನೆ. ಅವಳು ಅಷ್ಟು ಖಚಿತವಾಗಿ ಹೇಳುವುದಿಲ್ಲ.

ಹುದ್ದೆಯ ಮೊದಲ ತಿಂಗಳುಗಳು ಅವಳಿಗೆ ಒಂಟಿಯಾಗಿ ಕಳೆದವು. ನಿನ್ನೆಯವರೆಗೂ ಹೆಗಲ ಮೇಲೆ ಕೈಹಾಕಿ ಮಾತಾಡುತ್ತಿದ್ದವರು ಅವಳು ಊಟದ ಕೋಣೆಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಒಂದು ದಿನ ಅವಳು ಕಚೇರಿ ಬಿಟ್ಟು ನೇರವಾಗಿ ಗಾಂಧಿ ಚೌಕಕ್ಕೆ ಹೋದಳು. ಅಲ್ಲಿ ಮಗನ ಮೊಬೈಲ್ ಅಂಗಡಿಯಲ್ಲಿ ಕಾಸಿಮಸಾಬರು ಈಗ ಮಧ್ಯಾಹ್ನದ ಮೇಲೆ ಕೂರುತ್ತಾರೆ. ಅವರಿಗೆ ಇದನ್ನು ಹೇಳಿದಳು. ನನಗೂ ಹಾಗೇ ಆಗಿತ್ತು, ನಾನು ದಿನಾ ಅದೇ ಹೊತ್ತಿಗೆ ಹೋಗಿ ಅದೇ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದೆ, ಬೇಸತ್ತು ಅವರೇ ಮಾತು ಶುರು ಮಾಡಿದರು ಎಂದರು. ಅವಳು ಹಾಗೇ ಮಾಡಿದಳು. ಹೊಸದಾಗಿ ಫೋನಿನ ಮೇಜಿಗೆ ಬಂದ ಆರತಿ ಎಂಬ ಹುಡುಗಿ ಮೊದಲು ಅವಳ ಪಕ್ಕಕ್ಕೆ ಡಬ್ಬಿ ತಂದಳು. ಆಮೇಲೆ ಉಳಿದವರೂ ಬಂದರು. ಗುತ್ತಿಗೆದಾರನ ಚಾಲಕರು ಗಾಡಿಯಲ್ಲೇ ಕೂತು ಉಣ್ಣುತ್ತಿದ್ದುದನ್ನು ನೋಡಿ, ಅವರಿಗೂ ಆ ಕೋಣೆಯಲ್ಲಿ ಜಾಗ ಕೊಡಿ ಎಂದು ಅವಳು ಕೇಳಿದಳು. ಅವರು ನಮ್ಮ ಸಿಬ್ಬಂದಿ ಅಲ್ಲವಲ್ಲ ಎಂದು ಪುಣೆಯಿಂದ ಮಾತು ಬಂತು. ಊಟ ಮಾಡುವುದಕ್ಕೆ ಸಿಬ್ಬಂದಿಯಾಗಬೇಕೇನು ಎಂದು ಶಾಂಭವಿ ಅವಳ ಪರವಾಗಿ ಬರೆದರು. ಈಗ ಎಲ್ಲರೂ ಅಲ್ಲೇ ಉಣ್ಣುತ್ತಾರೆ.

ಕಳೆದ ಬೇಸಿಗೆಯಲ್ಲಿ ಬಬಲೇಶ್ವರದ ಕೇಂದ್ರದವರು ಅಮೋಘಿಗೆ ಒಂದು ಹೊಸ ಕೆಲಸ ಹೇಳಿದರು. ಫಿಲ್ಟರನ್ನು ಹೇಗೆ ತೊಳೆಯಬೇಕೆಂದು ರೈತರನ್ನು ಸೇರಿಸಿ ತೋರಿಸಿಕೊಡಬೇಕು. ನಿಂತು ಮಾತಾಡಬೇಕು. ಅವನಿಗೆ ಊಟ ಸೇರದಾಯಿತು. ಭಾನುವಾರ ಎಲ್ಲರೂ ಕಾಖಂಡಕಿಗೆ ಹೋಗಿದ್ದಾಗ, ಇಲ್ಲೇ ಒಂದು ಸಲ ಹೇಳಿ ನೋಡಿ ಎಂದು ಚಂದ್ರಕಲಾ ಅವನನ್ನು ಪಡಸಾಲೆಯ ನಡುವೆ ನಿಲ್ಲಿಸಿದಳು. ಮಲಕವ್ವ ಹೊರಸಿನ ಮೇಲೆ, ಮಗಳು ಅಜ್ಜಿಯ ಬದಿಗೆ, ಚಂದ್ರಕಲಾ ಕಂಬಕ್ಕೆ ಒರಗಿ ಕೂತರು.

ಅಮೋಘಿ ಕೈಕಟ್ಟಿ ನಿಂತು, ಮಾನ್ಯ ರೈತ ಬಾಂಧವರೇ ಎಂದು ಶುರು ಮಾಡಿದ. ಸ್ವಲ್ಪ ಹೊತ್ತು ಕೇಳಿದ ಮಲಕವ್ವ ಕೈಯೆತ್ತಿ ತಡೆದಳು.

"ಯಾರಿಗಿ ಹೇಳಾಕತ್ತಿ ಯಪ್ಪಾ? ನನಗೊಂದೂ ತಿಳಿವಲ್ದು."

ಅವನು ಚಂದ್ರಕಲಾಳ ಕಡೆ ನೋಡಿದ. ಅವಳು ಮಗಳನ್ನು ಹತ್ತಿರ ಕರೆದು ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಅವನು ಗಂಟಲು ಸರಿಮಾಡಿಕೊಂಡು, ಈ ಸಲ ತಾಯಿಯನ್ನೇ ನೋಡುತ್ತ, ನೀರಿನ ಜೊತೆ ಉಸುಕು ಬರುತ್ತದೆ, ಉಸುಕು ಜಾಳಿಗೆಗೆ ಕೂರುತ್ತದೆ, ಕೂತರೆ ಕೊನೆಯ ಗಿಡಕ್ಕೆ ನೀರು ಮುಟ್ಟುವುದಿಲ್ಲ ಎಂದು ಮನೆಯ ಮಾತಿನಲ್ಲಿ ಹೇಳಿದ. ಮಲಕವ್ವ ಮುಂದಕ್ಕೆ ಬಾಗಿದಳು. ಹಾಗಾದರೆ ಮೋಟಾರು ಚಾಲೂ ಇದ್ದಾಗ ಬಿಚ್ಚಬೇಕೋ ಬಂದ್ ಮಾಡಿ ಬಿಚ್ಚಬೇಕೋ ಎಂದು ಕೇಳಿದಳು.

"ಬಂದ್ ಮಾಡಿ ಬೇ. ಮೊದಲ ಬಂದ್ ಮಾಡಬೇಕು," ಎಂದ ಅಮೋಘಿ. ಅಡುಗೆಮನೆಗೆ ಹೋಗಿ ಹಿಟ್ಟಿನ ಜರಡಿಯನ್ನೂ ಒಂದು ತಂಬಿಗೆ ನೀರನ್ನೂ ತಂದ. ಮಲಕವ್ವ ಕಾಲು ಮಡಚಿಕೊಂಡು ಹೊರಸಿನ ಮೇಲೆ ಜಾಗ ಮಾಡಿಕೊಟ್ಟಳು. ಇಲ್ಲಿ ಕೂತು ತೋರಿಸು, ದೂರದಿಂದ ನನಗೆ ಕಾಣುವುದಿಲ್ಲ ಎಂದಳು. ಅವನು ಕೂತು, ಜರಡಿಯನ್ನು ಬೋರಲಾಗಿ ಹಿಡಿದು, ಮೊದಲಿನಿಂದ ಹೇಳಲು ಶುರು ಮಾಡಿದ.